ಎರಡನೆಯ ಬಾಣ: ಪಶ್ಚಿಮದ ದಿನಚರಿಯಲ್ಲಿ ಬುದ್ಧನ ಬೋಧೆ



ಫ್ರಾನ್ಸ್ ದೇಶದ ನೈರುತ್ಯ ಭಾಗದಲ್ಲಿ, ಬೋರ್ಡೊ ನಗರದ ಪೂರ್ವಕ್ಕೆ ಹಬ್ಬಿರುವ ಹಳ್ಳಿಗಾಡಿನಲ್ಲಿ ಒಂದು ಬೌದ್ಧ ಆಶ್ರಮವಿದೆ. ಅದರ ಹೆಸರು ಪ್ಲಮ್ ವಿಲೇಜ್. ಅಲ್ಲಿ ಟೆಲಿಫೋನ್ ಗಂಟೆ ಮೊಳಗಿದರೆ ಯಾರೂ ಓಡಿಹೋಗಿ ಎತ್ತಿಕೊಳ್ಳುವುದಿಲ್ಲ. ಗೋಡೆಯ ಗಡಿಯಾರ ಹೊಡೆದರೂ ಅಷ್ಟೆ. ತರಕಾರಿ ಹೆಚ್ಚುತ್ತಿದ್ದವರ ಕೈ ನಿಲ್ಲುತ್ತದೆ. ಮಾತನಾಡುತ್ತಿದ್ದವರ ಮಾತು ನಿಲ್ಲುತ್ತದೆ. ಮೂರು ಬಾರಿ ಉಸಿರನ್ನು ಗಮನಿಸಿ, ಆಮೇಲೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಮರಳುತ್ತಾರೆ.

ಬೇಸಿಗೆ ರಜೆಯಲ್ಲಿ ಯುರೋಪಿನ ನಾನಾ ದೇಶಗಳಿಂದ ಜನ ಸಂಸಾರ ಸಮೇತ ಇಲ್ಲಿಗೆ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಸನ್ಯಾಸ ಪಡೆಯಲು ಬಂದವರಲ್ಲ. ದಿನಗಳು ಕಳೆದ ಮೇಲೆ ಮತ್ತೆ ಕಚೇರಿ, ಅಡುಗೆಮನೆ, ಸಾಲದ ಕಂತು, ಮಕ್ಕಳ ಶಾಲೆ ಇವುಗಳಿಗೇ ಹಿಂತಿರುಗುವವರು. ಹಾಗಾದರೆ ಅವರು ಇಲ್ಲಿಂದ ಕೊಂಡೊಯ್ಯುವುದಾದರೂ ಏನನ್ನು? ಸುಖವನ್ನೆ? ಅಥವಾ ಸುಖದ ಬಗೆಗೆ ಬೇರೊಂದು ತಿಳಿವಳಿಕೆಯನ್ನೆ?

ಬುದ್ಧನ ಹೆಸರು ಪಶ್ಚಿಮಕ್ಕೆ ಹೊಸದೇನಲ್ಲ. ಇಂಗ್ಲೆಂಡಿನ ಎಡ್ವಿನ್ ಅರ್ನಾಲ್ಡ್ 1879ರಲ್ಲಿ ಬುದ್ಧನ ಜೀವನವನ್ನು ಕಾವ್ಯವಾಗಿ ಬರೆದು ಅಪಾರ ಓದುಗರನ್ನು ಗಳಿಸಿದರು. ಸಿಲೋನಿನಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದ ಟಿ. ಡಬ್ಲ್ಯು. ರೀಸ್ ಡೇವಿಡ್ಸ್ 1881ರಲ್ಲಿ ಪಾಲಿ ಟೆಕ್ಸ್ಟ್ ಸೊಸೈಟಿಯನ್ನು ಸ್ಥಾಪಿಸಿದರು. 'ಸತಿ' ಎಂಬ ಪಾಲಿ ಪದಕ್ಕೆ ಅವರು ಆರಿಸಿಕೊಂಡ ಇಂಗ್ಲಿಷ್ ಪದವೇ ಇಂದು ಜಗತ್ತಿನಾದ್ಯಂತ ಕೇಳಿಬರುವ ಮೈಂಡ್‌ಫುಲ್‌ನೆಸ್. ಸಂಸ್ಕೃತದಲ್ಲಿ ಇದು 'ಸ್ಮೃತಿ'. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು 'ಎಚ್ಚರ'. ಊರಿಗೆ ಹೊರಟವರಿಗೆ ಹಿರಿಯರು 'ಎಚ್ಚರದಿಂದ ಹೋಗಿ ಬಾ' ಎಂದು ಹೇಳುವುದುಂಟಲ್ಲ, ಆ ಎಚ್ಚರ. ಅದರಲ್ಲಿ ಭಯವಿಲ್ಲ, ಕಾಳಜಿಯಿದೆ.

ಆದರೆ ಬಹುಕಾಲ ಈ ಪದ ಪಶ್ಚಿಮದಲ್ಲಿ ವಿದ್ವಾಂಸರ ಗ್ರಂಥಾಲಯಗಳಲ್ಲಿ ಮತ್ತು ಆಸಕ್ತರ ಸಣ್ಣ ಸಣ್ಣ ಕೂಟಗಳಲ್ಲಿ ಮಾತ್ರ ಉಳಿದಿತ್ತು. ಅದನ್ನು ಸಾಮಾನ್ಯ ಸಂಸಾರಿಯ ಮನೆಯೊಳಕ್ಕೆ ಕೊಂಡೊಯ್ದವರಲ್ಲಿ ಇಬ್ಬರು ಮುಖ್ಯರು. ಒಬ್ಬರು ವಿಯಟ್ನಾಮಿನ ಭಿಕ್ಷು, ಇನ್ನೊಬ್ಬರು ಅಮೆರಿಕದ ವಿಜ್ಞಾನಿ.

ಪ್ಲಮ್ ವಿಲೇಜನ್ನು 1982ರಲ್ಲಿ ಕಟ್ಟಿದ ತಿಚ್ ನಾತ್ ಹಾನ್ ಹುಟ್ಟಿದ್ದು 1926ರಲ್ಲಿ. ಹದಿನಾರನೆಯ ವಯಸ್ಸಿನಲ್ಲಿ ಮಠ ಸೇರಿದರು. ಹೊರಗೆ ಬಾಂಬುಗಳು ಬೀಳುತ್ತಿರುವಾಗ ಮಠದೊಳಗೆ ಧ್ಯಾನ ಮಾಡುತ್ತ ಕೂರುವುದು ಸರಿಯೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಯುದ್ಧದಲ್ಲಿ ನಾಶವಾದ ಹಳ್ಳಿಗಳನ್ನು ಮತ್ತೆ ಕಟ್ಟಲು ತರುಣ ತರುಣಿಯರ ಸೇವಾ ಶಾಲೆಯೊಂದನ್ನು ಅವರು ಆರಂಭಿಸಿದರು. ಆ ಕಾರ್ಯಕರ್ತರು ಯಾವ ಪಕ್ಷವನ್ನೂ ವಹಿಸಲಿಲ್ಲ. ಆದ್ದರಿಂದಲೇ ಇಬ್ಬರ ಸಂಶಯಕ್ಕೂ ಗುರಿಯಾದರು. ಕೆಲವರು ಗುಂಡಿಗೆ ಬಲಿಯಾದರು. ಶಾಂತಿಯ ಕರೆ ಕೊಡಲು 1966ರಲ್ಲಿ ಅಮೆರಿಕಕ್ಕೆ ಹೋದ ಭಿಕ್ಷುವಿಗೆ ಮತ್ತೆ ತಾಯ್ನಾಡಿನ ನೆಲ ಮೆಟ್ಟಲು ಸಾಧ್ಯವಾದದ್ದು 2005ರಲ್ಲಿ. ಅಂದರೆ 39 ವರ್ಷಗಳ ಬಳಿಕ. 1967ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇವರ ಹೆಸರನ್ನು ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿಸಿದ್ದರು.

ದೇಶಭ್ರಷ್ಟರಾಗಿದ್ದ ಅವರು ಸೇವಾ ಶಾಲೆಯ ಕಾರ್ಯಕರ್ತನೊಬ್ಬನಿಗೆ ದೀರ್ಘವಾದ ಪತ್ರ ಬರೆದರು. ಸಾವು ನೆರಳಿನಂತೆ ಹಿಂಬಾಲಿಸುತ್ತಿರುವಾಗ, ಕೆಲಸ ಬೆಟ್ಟದಷ್ಟು ಬಾಕಿಯಿರುವಾಗ, ಮನಸ್ಸು ಕಹಿಯಾಗದಂತೆ ಉಳಿಸಿಕೊಳ್ಳುವುದು ಹೇಗೆ ಎಂಬುದೇ ಅದರ ವಿಷಯ. ಪಾತ್ರೆ ತೊಳೆಯುವಾಗ ಮುಂದಿನ ಚಹಾದ ಬಗ್ಗೆ ಯೋಚಿಸುವವನು, ಚಹಾ ಕುಡಿಯುವಾಗ ಇನ್ನಾವುದನ್ನೋ ಯೋಚಿಸುತ್ತಾನೆ. ಹೀಗೆ ಬದುಕಿದ ಕ್ಷಣ ಒಂದೂ ಅವನ ಕೈಗೆ ಸಿಗುವುದಿಲ್ಲ ಎಂಬುದು ಅವರ ವಾದದ ಸಾರ. ಈ ಪತ್ರವೇ 1975ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದು, ಪಶ್ಚಿಮದ ಲಕ್ಷಾಂತರ ಜನರಿಗೆ ಧ್ಯಾನದ ಮೊದಲ ಪಾಠವಾಯಿತು. ವಿರಾಮದಲ್ಲಿರುವವರ ಹವ್ಯಾಸಕ್ಕಾಗಿ ಬರೆದ ಪುಸ್ತಕ ಅದಲ್ಲ, ಯುದ್ಧಭೂಮಿಗೆ ಬರೆದ ಕಾಗದ ಎಂಬುದನ್ನು ಮರೆಯುವಂತಿಲ್ಲ.

ಈಗ ಅಮೆರಿಕದ ಕಡೆಗೆ ನೋಡೋಣ. ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಪಟ್ಟಣದಲ್ಲಿ ಒಂದು ವೈದ್ಯಕೀಯ ಕಾಲೇಜಿನ ಆಸ್ಪತ್ರೆ. 1979ರಲ್ಲಿ ಜಾನ್ ಕಬಾಟ್-ಜಿನ್ ಅಲ್ಲಿ ಒಂದು ಹೊಸ ಚಿಕಿತ್ಸಾಲಯ ತೆರೆದರು. ಅವರು ಅಣುಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಕೊರಿಯಾದ ಜೆನ್ ಗುರುವೊಬ್ಬರಲ್ಲಿ ಧ್ಯಾನ ಕಲಿತವರು. ಬಹುಕಾಲದ ಬೆನ್ನುನೋವು, ತಲೆನೋವು ಮೊದಲಾದವುಗಳಿಂದ ನರಳುತ್ತಾ, ಔಷಧದಿಂದ ಪೂರ್ಣ ಗುಣ ಕಾಣದ ರೋಗಿಗಳನ್ನು ತಮ್ಮ ಬಳಿಗೆ ಕಳುಹಿಸಿ ಎಂದು ಅವರು ವೈದ್ಯರನ್ನು ಕೇಳಿಕೊಂಡರು.

ಇಲ್ಲಿ ಬುದ್ಧನ ವಿಗ್ರಹವಿಲ್ಲ, ಮಂತ್ರವಿಲ್ಲ. ಎಂಟು ವಾರಗಳ ಶಿಕ್ಷಣ, ವಾರಕ್ಕೊಮ್ಮೆ ತರಗತಿ, ಉಳಿದ ದಿನ ಮನೆಯಲ್ಲಿ ಸುಮಾರು 45 ನಿಮಿಷದ ಅಭ್ಯಾಸ. ಮೊದಲ ಪಾಠ ಒಂದು ಒಣದ್ರಾಕ್ಷಿಯಿಂದ ಶುರುವಾಗುತ್ತದೆ. ಅದನ್ನು ನೋಡಬೇಕು, ಮುಟ್ಟಬೇಕು, ಮೂಸಬೇಕು, ಕೊನೆಗೆ ನಿಧಾನವಾಗಿ ಅಗಿಯಬೇಕು. ಬಳಿಕ ಅಂಗಾತ ಮಲಗಿ ಕಾಲಿನ ಬೆರಳಿನಿಂದ ನೆತ್ತಿಯವರೆಗೆ ದೇಹವನ್ನು ಮನಸ್ಸಿನಿಂದ ಮುಟ್ಟುತ್ತ ಬರಬೇಕು. ನೋವಿರುವ ಜಾಗ ಬಂದಾಗ ಅದನ್ನು ದಾಟಿ ಓಡಬಾರದು, ಬೈಯಲೂ ಬಾರದು. ಜೊತೆಗೆ ಸರಳ ಯೋಗಾಸನ.

ನೋವನ್ನು ಮರೆಯಲು ಬಂದವರಿಗೆ ನೋವನ್ನೇ ನೋಡಿ ಎಂದರೆ ಏನರ್ಥ ಎಂದು ನೀವು ಕೇಳಬಹುದು. ಉತ್ತರ ಸಂಯುತ್ತ ನಿಕಾಯದ ಒಂದು ದೃಷ್ಟಾಂತದಲ್ಲಿದೆ. ಒಬ್ಬನಿಗೆ ಬಾಣ ತಗಲುತ್ತದೆ. ಬೆನ್ನಲ್ಲೇ ಇನ್ನೊಂದು ಬಾಣ ಬಂದು ನಾಟುತ್ತದೆ. ಮೊದಲನೆಯದು ದೇಹದ ನೋವು. ಎರಡನೆಯದು ಆ ನೋವಿನ ಮೇಲೆ ಮನಸ್ಸು ಹೂಡುವ ಗೋಳು: ನನಗೇ ಏಕೆ ಹೀಗಾಯಿತು, ನಾಳೆ ಗತಿಯೇನು, ಇದು ಯಾರ ತಪ್ಪು? ತಿಳಿದವನಿಗೂ ಮೊದಲ ಬಾಣ ತಪ್ಪಿದ್ದಲ್ಲ. ಮುಪ್ಪು, ರೋಗ, ಅಗಲಿಕೆ ಯಾರನ್ನೂ ಬಿಟ್ಟಿಲ್ಲ. ಅವನಿಗೆ ಎರಡನೆಯ ಬಾಣ ಮಾತ್ರ ತಗಲುವುದಿಲ್ಲ. ಬುದ್ಧನ ಸುಖದ ಕಲ್ಪನೆಗೆ ಇದೇ ಕೀಲಿ. ಅದು ನೋವಿಲ್ಲದ ಬದುಕಿನ ಭರವಸೆಯಲ್ಲ. ನೋವಿಗೆ ನೋವು ಸೇರಿಸದಿರುವ ಕಲೆ.

ಈ ಕಲೆಗೆ ಫಲವುಂಟೆ? ವಿಜ್ಞಾನ ಪರೀಕ್ಷಿಸಿ ನೋಡಿದೆ. ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್ ಮತ್ತು ಜಾನ್ ಟೀಸ್‌ಡೇಲ್ ಎಂಬ ಮೂವರು ಮನೋವಿಜ್ಞಾನಿಗಳು ಖಿನ್ನತೆಯಿಂದ ಚೇತರಿಸಿಕೊಂಡವರಿಗೆ ಇದೇ ಮಾದರಿಯ ಶಿಕ್ಷಣ ಕೊಟ್ಟರು. 2000ದಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಹಿಂದೆ ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಒಳಗಾಗಿದ್ದವರ ಪೈಕಿ ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 66 ಮಂದಿಗೆ ಅದು ಮರುಕಳಿಸಿತು. ಧ್ಯಾನವನ್ನೂ ಕಲಿತವರಲ್ಲಿ ಈ ಪ್ರಮಾಣ ಶೇಕಡಾ 37. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2004ರಲ್ಲಿ ಈ ಕ್ರಮವನ್ನು ಅಂಥ ರೋಗಿಗಳಿಗೆ ಶಿಫಾರಸು ಮಾಡಿತು. ಆತಂಕದ ಕಾಯಿಲೆಯುಳ್ಳ 276 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎಂಟು ವಾರಗಳ ಶಿಕ್ಷಣ ಸಾಮಾನ್ಯವಾಗಿ ಕೊಡುವ ಒಂದು ಔಷಧಕ್ಕಿಂತ ಹಿಂದೆ ಬೀಳಲಿಲ್ಲ. ಹಾಗೆಂದು ವೈದ್ಯರ ಸಲಹೆಯಿಲ್ಲದೆ ಯಾರೂ ಔಷಧ ಬಿಡಬಾರದು.

ಆದರೆ ಇದು ಸರ್ವರೋಗಕ್ಕೂ ಮದ್ದಲ್ಲ. ಬ್ರಿಟನ್ನಿನ 85 ಶಾಲೆಗಳಲ್ಲಿ 8000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2022ರಲ್ಲೇ ಹೊರಬಂತು. ಎಂದಿನ ಪಾಠಕ್ಕಿಂತ ಧ್ಯಾನದ ಪಾಠ ಮಕ್ಕಳ ಮನಸ್ಸಿಗೆ ಹೆಚ್ಚಿನ ಲಾಭ ತಂದಿರಲಿಲ್ಲ. ಬಹಳಷ್ಟು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮೇಲಿನಿಂದ ಹೇರಿದ ಎಚ್ಚರ ಎಚ್ಚರವಾಗುವುದಿಲ್ಲ ಎಂದು ಇದರಿಂದ ಊಹಿಸಬಹುದೇನೋ.

ಇದಕ್ಕಿಂತ ಆಳವಾದ ಆಕ್ಷೇಪವೂ ಒಂದಿದೆ. ದೊಡ್ಡ ಕಂಪನಿಗಳು ನೌಕರರಿಗೆ ಧ್ಯಾನ ಕಲಿಸತೊಡಗಿದವು. ಗೂಗಲ್ ಸಂಸ್ಥೆಯಲ್ಲಿ ಇಂಥ ತರಗತಿ 2007ರಲ್ಲಿ ಆರಂಭವಾಯಿತು. ಅಮೆರಿಕದ ಸೈನಿಕರಿಗೂ ಇದನ್ನು ಕಲಿಸಲಾಯಿತು. ಮೊಬೈಲಿನಲ್ಲಿ ಚಂದಾ ಕಟ್ಟಿ ಧ್ಯಾನ ಮಾಡುವ ಕಾಲವೂ ಬಂತು. ಆಗ ರೊನಾಲ್ಡ್ ಪರ್ಸರ್ ಮತ್ತು ಡೇವಿಡ್ ಲಾಯ್ 2013ರಲ್ಲಿ ಒಂದು ತೀಕ್ಷ್ಣ ಲೇಖನ ಬರೆದು, ಇದನ್ನು ದಿಢೀರ್ ತಿಂಡಿಯ ಅಂಗಡಿಗೆ ಹೋಲಿಸಿದರು. ಇಬ್ಬರೂ ಬೌದ್ಧ ಸಾಧಕರೇ. ದುಡಿಮೆಯ ಹೊರೆ, ಅನ್ಯಾಯದ ಸಂಬಳ, ನೌಕರಿಯ ಅಭದ್ರತೆ ಇವು ಹಾಗೆಯೇ ಇರಲಿ, ನೀನು ಮಾತ್ರ ಉಸಿರಾಡಿ ಸಮಾಧಾನ ಮಾಡಿಕೋ ಎಂದು ಹೇಳಲು ಬುದ್ಧನನ್ನು ಬಳಸಿಕೊಳ್ಳಬಹುದೆ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ಬೌದ್ಧ ಗ್ರಂಥಗಳಲ್ಲೇ ಆಧಾರವಿದೆ. ಬುದ್ಧ ಬರಿಯ ಸ್ಮೃತಿಯನ್ನು ಬೋಧಿಸಲಿಲ್ಲ, ಸಮ್ಯಕ್ ಸ್ಮೃತಿಯನ್ನು ಬೋಧಿಸಿದ. ಮಿಥ್ಯಾ ಸ್ಮೃತಿಯೂ ಇದೆ ಎಂದು ಎಚ್ಚರಿಸಿದ. ಕನ್ನ ಹಾಕುವ ಕಳ್ಳನಿಗೂ ಏಕಾಗ್ರತೆ ಬೇಕಷ್ಟೆ! ಅಷ್ಟಾಂಗ ಮಾರ್ಗದಲ್ಲಿ ಸ್ಮೃತಿ ಏಳನೆಯದು. ಅದಕ್ಕೂ ಮುಂಚೆ ಒಳ್ಳೆಯ ಮಾತು, ಒಳ್ಳೆಯ ನಡತೆ, ಒಳ್ಳೆಯ ಜೀವನೋಪಾಯ ಬರುತ್ತವೆ. ಶೀಲವಿಲ್ಲದ ಸಮಾಧಿ ಬೇರಿಲ್ಲದ ಗಿಡ.

ತಿಚ್ ನಾತ್ ಹಾನ್ ಇದನ್ನು ಚೆನ್ನಾಗಿ ಅರಿತಿದ್ದರು. ಬುದ್ಧ ಗೃಹಸ್ಥರಿಗೆ ಹೇಳಿದ ಪಂಚಶೀಲವನ್ನು ಅವರು ಇಂದಿನ ಬದುಕಿಗೆ ಹೊಂದುವಂತೆ ಮತ್ತೆ ಬರೆದರು. ಎರಡನೆಯ ಶೀಲ ಕದಿಯದಿರುವುದು. ಅದಕ್ಕೆ ಅವರ ಪರಂಪರೆ ಕೊಟ್ಟಿರುವ ಹೆಸರು 'ನಿಜವಾದ ಸುಖ'. ಇತರರ ಪಾಲನ್ನು ಕಸಿದುಕೊಂಡು ಪಡೆದದ್ದು ಸುಖವಾಗದು. ತನ್ನ ಸಮಯವನ್ನೂ ಶಕ್ತಿಯನ್ನೂ ಹಂಚಿಕೊಂಡಾಗಲೇ ಅದು ದೊರೆಯುತ್ತದೆ ಎಂಬುದು ಅದರ ಇಂಗಿತ. ಪ್ಲಮ್ ವಿಲೇಜಿನ ಆರಂಭದ ದಿನಗಳಲ್ಲಿ 1250 ಪ್ಲಮ್ ಗಿಡಗಳನ್ನು ನೆಟ್ಟದ್ದು ಕೂಡ ಹಣ್ಣು ಮಾರಿದ ದುಡ್ಡನ್ನು ವಿಯಟ್ನಾಮಿನ ಬಡ ಮಕ್ಕಳಿಗೆ ಕಳುಹಿಸಲೆಂದು. ಕಬಾಟ್-ಜಿನ್ 1990ರಲ್ಲಿ ತಮ್ಮ ಚಿಕಿತ್ಸಾಕ್ರಮದ ಬಗ್ಗೆ ಪುಸ್ತಕ ಬರೆದಾಗ ಮುನ್ನುಡಿ ಬರೆದುಕೊಟ್ಟವರು ಇದೇ ಭಿಕ್ಷು. ಆಸ್ಪತ್ರೆಯ ಕೋಣೆಗೂ ಆಶ್ರಮದ ಅಂಗಳಕ್ಕೂ ಹೀಗೆ ನಂಟು ಬೆಳೆಯಿತು.

2022ರ ಜನವರಿ 22ರಂದು, ತಾವು ಬಾಲಕನಾಗಿ ಸೇರಿದ್ದ ಹುಯೆ ನಗರದ ಮಠದಲ್ಲೇ, 95ನೆಯ ವಯಸ್ಸಿನಲ್ಲಿ ತಿಚ್ ನಾತ್ ಹಾನ್ ಕೊನೆಯುಸಿರೆಳೆದರು. ಅವರಿಗೂ ಮೊದಲ ಬಾಣ ತಪ್ಪಲಿಲ್ಲ. ದೇಶ ಕಳೆದುಕೊಂಡರು, ಶಿಷ್ಯರನ್ನು ಕಳೆದುಕೊಂಡರು, 2014ರಲ್ಲಿ ಮೆದುಳಿನ ರಕ್ತಸ್ರಾವದಿಂದ ಮಾತನ್ನೂ ಕಳೆದುಕೊಂಡರು.

ಪಶ್ಚಿಮದ ಗೃಹಸ್ಥ ಬುದ್ಧನಿಂದ ಕಲಿಯಬಹುದಾದದ್ದು ಇಷ್ಟು. ಸುಖ ಎಂಬುದು ರಜೆಯಲ್ಲಿ ಹೋಗಿ ತರುವ ವಸ್ತುವಲ್ಲ. ಸಿಂಕಿನಲ್ಲಿರುವ ಪಾತ್ರೆ, ಎದುರಿಗೆ ಕೂತ ಮಗುವಿನ ಮಾತು, ಬೆನ್ನಿನ ನೋವು ಇವುಗಳ ಜೊತೆ ಇರಲು ಕಲಿತವನಿಗೆ ಅದು ದಾರಿಯಲ್ಲೇ ಸಿಗುತ್ತದೆ. ನೆರೆಯವನ ನೋವನ್ನು ಕಾಣದ ಎಚ್ಚರಕ್ಕೆ ಮಾತ್ರ ಸಿಗುವುದಿಲ್ಲ. ಮುಂದಿನ ಸಲ ಫೋನ್ ಗಂಟೆ ಮೊಳಗಿದಾಗ ಮೂರು ಉಸಿರಿನಷ್ಟು ಹೊತ್ತು ಕಾದು ನೋಡಿ. ಕರೆ ಮಾಡಿದವರು ಅಷ್ಟರಲ್ಲಿ ಎಲ್ಲಿಗೂ ಹೋಗಿರುವುದಿಲ್ಲ. ಅವರ ಮಾತನ್ನು ಕೇಳಿಸಿಕೊಳ್ಳಲು ಮಾತ್ರ ನೀವು ಹೆಚ್ಚು ಸಿದ್ಧರಾಗಿರುತ್ತೀರಿ.