ಇಪ್ಪತ್ತೊಂದು ಸಾವಿರದೊಳಗೆ ಎಚ್‌ಡಿ ರೆಕಾರ್ಡಿಂಗ್ ಮಾಡೋ ಟಿವಿ ಪಿಸಿ

ಇವತ್ತು ಟಿವಿ ಕೆಳಗೆ ಇಡೋ ಕಂಪ್ಯೂಟರ್ ಬಗ್ಗೆ ಮಾತಾಡೋಣ. ಬರೀ ಸಿನಿಮಾ ನೋಡೋದಾದ್ರೆ ಇದು ಬೇಕಾಗಿಲ್ಲ, ಒಂದು ಸ್ಟ್ರೀಮಿಂಗ್ ಸ್ಟಿಕ್ ಸಾಕು. ನಮಗೆ ಬೇಕಿರೋದು ರೆಕಾರ್ಡಿಂಗ್, ಅದೂ ನಮ್ಮ ಕೈಯಲ್ಲೇ ಉಳಿಯೋ ಫೈಲ್ ಆಗಿ.

ನಮ್ಮಂಥವರ ಮನೆಯಲ್ಲಿ ಇದಕ್ಕೆ ಎರಡು ಕಾರಣ. ಒಂದು, ಊರಿಂದ ಬಂದು ನಾಲ್ಕಾರು ತಿಂಗಳು ಇರೋ ಅಪ್ಪ ಅಮ್ಮನಿಗೆ ಚಂದನ ಬೇಕು. ‘ಥಟ್ ಅಂತ ಹೇಳಿ’ ಬರೋ ಹೊತ್ತಿಗೆ ಸರಿಯಾಗಿ ಮೊಮ್ಮಗ ರಿಮೋಟ್ ಹಿಡಿದು ಕೂತಿರ್ತಾನೆ. ಇನ್ನೊಂದು, ಕನ್ನಡ ಸಂಘದ ನಾಟಕ. ಇಲ್ಲಿ ಪುಣೆಯಲ್ಲಿ ನಾವು ಎರಡು ತಿಂಗಳು ರಿಹರ್ಸಲ್ ಮಾಡಿ ಒಂದೇ ಒಂದು ಶೋ ಮಾಡ್ತೀವಿ. ಆ ಎರಡು ಗಂಟೆ ಸರಿಯಾಗಿ ರೆಕಾರ್ಡ್ ಆಗದಿದ್ರೆ ಮುಗೀತು, ಮತ್ತೆ ಆಡೋದಿಲ್ಲ.

ಇವೆರಡೂ ಬೇರೆ ಬೇರೆ ಕೆಲಸ. ಇದು ಗೊತ್ತಾದ್ರೆ ಅರ್ಧ ದುಡ್ಡು ಉಳೀತು. ಡಿಶ್‌ನಿಂದ ಬರೋ ಚಾನೆಲ್ ಅಲ್ಲಿಂದಲೇ ಕಂಪ್ರೆಸ್ ಆಗಿ ಬರುತ್ತೆ. ಟ್ಯೂನರ್ ಕೊಟ್ಟಿದ್ದನ್ನ ಕಂಪ್ಯೂಟರ್ ಹಾಗೇ ಡಿಸ್ಕ್‌ಗೆ ಬರೀತಾ ಹೋಗುತ್ತೆ, ಅಷ್ಟೇ. 8 ಎಂಬಿಪಿಎಸ್‌ನ ಎಚ್‌ಡಿ ಚಾನೆಲ್ ಅಂದ್ರೂ ಸೆಕೆಂಡಿಗೆ 1 ಎಂಬಿ, ಗಂಟೆಗೆ 3.6 ಜಿಬಿ. ಹದಿನೈದು ವರ್ಷ ಹಳೇ ಪ್ರೊಸೆಸರ್ ಕೂಡ ನಿದ್ದೆ ಮಾಡ್ತಾ ಮಾಡುತ್ತೆ.

ಕ್ಯಾಮೆರಾದ ಎಚ್‌ಡಿಎಂಐನಿಂದ ಬರೋದು ಹಾಗಲ್ಲ, ಅದು ಹಸಿ ವಿಡಿಯೋ. 1080ಪಿ, ಸೆಕೆಂಡಿಗೆ 25 ಫ್ರೇಮ್, ಪಿಕ್ಸೆಲ್‌ಗೆ 2 ಬೈಟ್ ಅಂತ ಗುಣಿಸಿ ನೋಡಿ: ಸೆಕೆಂಡಿಗೆ ಸುಮಾರು 104 ಎಂಬಿ. ಇದನ್ನ ಅಲ್ಲೇ ಕಂಪ್ರೆಸ್ ಮಾಡಬೇಕು. ಇಲ್ಲಿಗೆ ಬಂದ ಕೂಡಲೇ ಅಂಗಡಿಯವನು ಗ್ರಾಫಿಕ್ಸ್ ಕಾರ್ಡ್ ತೋರಿಸ್ತಾನೆ. ಬೇಡ. ಇಂಟೆಲ್ 2011ರಿಂದ ತನ್ನ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ಕ್ವಿಕ್ ಸಿಂಕ್ ಅನ್ನೋ ಎನ್‌ಕೋಡರ್ ಕೊಡ್ತಾ ಬಂದಿದೆ. ನಮ್ಮ ಕೆಲಸಕ್ಕೆ ಅದು ಧಾರಾಳ. ಹೊಸ ಪ್ರೊಸೆಸರ್ ತಗೊಳೋರು ಒಂದು ನೋಡಿಕೊಳ್ಳಿ: ಹೆಸರಿನ ಕೊನೆಗೆ ‘ಎಫ್’ ಇದ್ರೆ ಒಳಗೆ ಗ್ರಾಫಿಕ್ಸ್ ಇರಲ್ಲ, ಕ್ವಿಕ್ ಸಿಂಕೂ ಇರಲ್ಲ.

ಆದ್ರೆ ಹೊಸದು ಯಾಕೆ ತಗೋಬೇಕು? ವಿಂಡೋಸ್ 11 ಅಧಿಕೃತವಾಗಿ 8ನೇ ಜನರೇಷನ್ ಇಂಟೆಲ್‌ನಿಂದ ಮೇಲಕ್ಕೆ ಮಾತ್ರ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಾಗಾಗಿ ನಮ್ಮದೇ ಆಫೀಸುಗಳು 6ನೇ, 7ನೇ ಜನರೇಷನ್ ಡೆಸ್ಕ್‌ಟಾಪ್‌ಗಳನ್ನ ರಾಶಿ ರಾಶಿ ಹೊರಗೆ ಹಾಕ್ತಿವೆ. ಡೆಲ್ ಆಪ್ಟಿಪ್ಲೆಕ್ಸ್ 7040, ಎಚ್‌ಪಿ ಎಲೀಟ್‌ಡೆಸ್ಕ್ 800 ಜಿ2, ಲೆನೊವೊ ಥಿಂಕ್‌ಸೆಂಟರ್ ಎಂ900, ಇವುಗಳಲ್ಲಿ ಸ್ಮಾಲ್ ಫಾರ್ಮ್ ಫ್ಯಾಕ್ಟರ್ ಕೇಳಿ. ಅಂಗೈಯಗಲದ ಮಿನಿ ಚೆಂದ ಕಾಣುತ್ತೆ, ಆದ್ರೆ ಅದರಲ್ಲಿ ದೊಡ್ಡ ಹಾರ್ಡ್ ಡಿಸ್ಕ್ ಕೂರಲ್ಲ, ಟ್ಯೂನರ್ ಕಾರ್ಡಿಗೆ ಸ್ಲಾಟೂ ಇಲ್ಲ. ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಯವರಿಗೆ ರಿಚ್ಚಿ ಸ್ಟ್ರೀಟ್, ದೆಹಲಿಯವರಿಗೆ ನೆಹರೂ ಪ್ಲೇಸ್, ಹೈದರಾಬಾದ್‌ನವರಿಗೆ ಸಿಕಂದರಾಬಾದ್‌ನ ಚೆನಾಯ್ ಟ್ರೇಡ್ ಸೆಂಟರ್.

ನಾನು ಕೊಟ್ಟಿದ್ದು: 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ಇರೋ ಐ5-6500 ಪಿಸಿಗೆ 9,800. ಸಿಸಿಟಿವಿಗೆ ಅಂತ ಮಾರೋ 4 ಟಿಬಿ ಡಿಸ್ಕ್‌ಗೆ 8,700. ಯುಎಸ್‌ಬಿ 3.0 ಎಚ್‌ಡಿಎಂಐ ಕ್ಯಾಪ್ಚರ್‌ಗೆ 2,400. ಸಿಸಿಟಿವಿ ಡಿಸ್ಕ್ ಯಾಕೆ ಅಂದ್ರೆ, ದಿನಪೂರ್ತಿ ಬರೀತಾ ಇರೋದೇ ಅದರ ಕಸುಬು. ಮೀಟರ್ ಹಾಕಿ ನೋಡಿದೆ, ಸುಮ್ಮನಿದ್ದಾಗ 14 ವ್ಯಾಟ್, ಅಂದ್ರೆ ಇಡೀ ತಿಂಗಳು ಆನ್ ಇಟ್ಟರೂ ಹತ್ತು ಯೂನಿಟ್. ಮೇಲೆ ಉಬುಂಟು, ನೋಡೋದಕ್ಕೆ ಕೋಡಿ, ಚಾನೆಲ್ ರೆಕಾರ್ಡಿಂಗ್‌ಗೆ ಟಿವಿಹೆಡ್‌ಎಂಡ್, ಕ್ಯಾಮೆರಾಗೆ ಒಬಿಎಸ್. ಎಲ್ಲ ಉಚಿತ.

ಕ್ಯಾಪ್ಚರ್ ಡಾಂಗಲ್‌ನಲ್ಲಿ ಕಂಜೂಸ್‌ತನ ಬೇಡ. ಐನೂರು ರೂಪಾಯಿದು ಸಿಗುತ್ತೆ, ಡಬ್ಬಿ ಮೇಲೆ ‘4ಕೆ’ ಅಂತಾನೂ ಬರೆದಿರುತ್ತೆ. ಆ 4ಕೆ ಒಳಗೆ ಹೋಗೋದಕ್ಕೆ ಮಾತ್ರ. ಒಳಗಿರೋದು ಯುಎಸ್‌ಬಿ 2.0, ಕಾಗದದ ಮೇಲೇ ಸೆಕೆಂಡಿಗೆ 60 ಎಂಬಿ. ನಮ್ಮ 104 ಅದರಲ್ಲಿ ಹಿಡಿಸಲ್ಲ ಅಂತ ಅದು ಪ್ರತಿ ಫ್ರೇಮನ್ನೂ ಜೆಪೆಗ್ ಥರ ಹಿಂಡಿ ಕಳಿಸುತ್ತೆ. ಸ್ಟೇಜ್ ಲೈಟಿನಲ್ಲಿ ಕೆಂಪು ಸೀರೆ ಬಂದಾಗ ಗೊತ್ತಾಗುತ್ತೆ, ಅಂಚೆಲ್ಲ ಕಲಸಿಹೋಗಿರುತ್ತೆ.

ಈಗ ಡಿಟಿಎಚ್ ಬಾಕ್ಸ್‌ನಿಂದ ಎಚ್‌ಡಿಎಂಐ ಎಳೆದು ರೆಕಾರ್ಡ್ ಮಾಡಬಹುದಲ್ವಾ ಅಂತ ಕೇಳ್ತೀರಿ. ಆಗಲ್ಲ. ಪೇ ಚಾನೆಲ್ ಬಾಕ್ಸ್‌ಗಳ ಎಚ್‌ಡಿಎಂಐ ಮೇಲೆ ಎಚ್‌ಡಿಸಿಪಿ ಬೀಗ ಇರುತ್ತೆ, ನಿಯತ್ತಿನ ಕ್ಯಾಪ್ಚರ್ ಡಿವೈಸ್ ಕಪ್ಪು ಪರದೆ ಕೊಡುತ್ತೆ. ಬಾಕ್ಸ್‌ನಲ್ಲೇ ರೆಕಾರ್ಡಿಂಗ್ ಇದೆ ಅಂದ್ರೆ, ನಮ್ಮ ಮಾವನವರ ಮನೆ ಕಥೆ ಕೇಳಿ. ಎರಡು ವರ್ಷ ಯುಎಸ್‌ಬಿ ಡಿಸ್ಕ್‌ಗೆ ರೆಕಾರ್ಡ್ ಮಾಡಿಟ್ಟಿದ್ರು. ಬಾಕ್ಸ್ ಕೆಟ್ಟಿತು, ಕಂಪನಿಯವರು ಹೊಸದು ಹಾಕಿ ಹೋದ್ರು. ಹಳೇ ರೆಕಾರ್ಡಿಂಗ್ ಎಲ್ಲ ಹಳೇ ಬಾಕ್ಸ್‌ನ ಕೀಗೆ ಅಂಟಿಕೊಂಡಿದ್ದವು, ಒಂದೂ ಓಡಲಿಲ್ಲ. ಡಿಸ್ಕ್ ಇವರದ್ದೇ, ದುಡ್ಡು ಕೊಟ್ಟೋರೂ ಇವರೇ.

ಚಂದನಕ್ಕೆ ದಾರಿ ಡಿಡಿ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲ, ದೂರದರ್ಶನದ ಹೆಚ್ಚಿನ ಚಾನೆಲ್‌ಗಳಿಗೆ ಬೀಗವೂ ಇಲ್ಲ. ಡಿವಿಬಿ-ಎಸ್2 ಟ್ಯೂನರ್ ಬೇರೆ ತಗೋಬೇಕು. ಅದರಲ್ಲಿ ಎಚ್‌ಡಿ ಚಾನೆಲ್ ಕಮ್ಮಿ, ಅದನ್ನ ಮೊದಲೇ ಹೇಳಿಬಿಡ್ತೀನಿ. ಟ್ಯೂನರ್‌ಗೆ ದುಡ್ಡು ಹಾಕೋ ಮೊದಲು ಬಾಲ್ಕನಿಗೆ ಹೋಗಿ ಫೋನ್‌ನಲ್ಲಿ ದಿಕ್ಸೂಚಿ ತೆಗೀರಿ. ಜಿಸ್ಯಾಟ್-15 ಇರೋದು 93.5 ಡಿಗ್ರಿ ಪೂರ್ವದಲ್ಲಿ. ಮುಂಬೈ, ಪುಣೆ, ಚೆನ್ನೈನಿಂದ ಅದು ಹೆಚ್ಚುಕಮ್ಮಿ ಆಗ್ನೇಯ ದಿಕ್ಕು, ಹೈದರಾಬಾದ್‌ಗೆ ಸ್ವಲ್ಪ ದಕ್ಷಿಣಕ್ಕೆ ವಾಲಿ, ದೆಹಲಿಗೆ ಇನ್ನೂ ವಾಲಿ. ಫ್ಲ್ಯಾಟ್ ಉತ್ತರಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ್ರೆ ಸೊಸೈಟಿ ಸೆಕ್ರೆಟರಿ ಹತ್ತಿರ ಟೆರೇಸ್ ಬಗ್ಗೆ ಮಾತಾಡಿ, ಅದು ಟೆಕ್ನಾಲಜಿ ವಿಷಯ ಅಲ್ಲ. ರೆಕಾರ್ಡ್ ಮಾಡಿದ್ದು ಮನೆಯೊಳಗೆ ನೋಡೋದಕ್ಕೆ. ಯೂಟ್ಯೂಬ್‌ಗೆ ಹಾಕೋದು ಬೇರೆ ವಿಷಯ, ಮಾಡಬೇಡಿ.

ನಾಟಕಕ್ಕೆ ಬರೋಣ. ಕ್ಯಾಮೆರಾದಲ್ಲೇ ರೆಕಾರ್ಡ್ ಮಾಡಬಾರದಾ? ಬಹಳಷ್ಟು ಸ್ಟಿಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ನಿಂತುಬಿಡ್ತವೆ. ಅರ್ಧ ಗಂಟೆ ದಾಟಿದ್ರೆ ಯುರೋಪ್‌ನಲ್ಲಿ ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಾಕಿ ಸುಂಕ ಹಾಕ್ತಿದ್ರು, ಅದರಿಂದ ಬಂದ ಮಿತಿ. ಎಚ್‌ಡಿಎಂಐ ಮೂಲಕ ಪಿಸಿಗೆ ಹಾಕಿದ್ರೆ ಈ ತಾಪತ್ರಯ ಇಲ್ಲ. 12 ಎಂಬಿಪಿಎಸ್‌ಗೆ ಇಟ್ಟರೆ ಎರಡು ಗಂಟೆ ನಾಟಕ 11 ಜಿಬಿ. ಕ್ಯಾಮೆರಾದ ಬ್ಯಾಟರಿ ಚಿಹ್ನೆ, ಫೋಕಸ್ ಚೌಕ ಎಚ್‌ಡಿಎಂಐನಲ್ಲಿ ಬರದ ಹಾಗೆ ಮೆನುವಿನಲ್ಲಿ ಆಫ್ ಮಾಡಿ. ಫ್ರೇಮ್ ರೇಟ್ 25 ಇಲ್ಲಾ 50 ಇರಲಿ. ನಮ್ಮ ಕರೆಂಟು 50 ಹರ್ಟ್ಸ್, 30ಕ್ಕೆ ಇಟ್ಟರೆ ಹಾಲಿನ ಲೈಟುಗಳು ಮಿಣುಕಬಹುದು. ಫೈಲ್ ಎಂಕೆವಿ ಆಗಿರಲಿ. ಸಾದಾ ಎಂಪಿ4 ನಡುವೆ ಕರೆಂಟ್ ಹೋದ್ರೆ ತೆರೆಯೋದೇ ಇಲ್ಲ, ಎಂಕೆವಿಯಲ್ಲಿ ಅಲ್ಲಿವರೆಗಿನದ್ದು ಉಳಿಯುತ್ತೆ.

ಧ್ವನಿಗೆ ಹಾಲ್‌ನ ಮಿಕ್ಸರ್‌ನವರ ಹತ್ತಿರ ಒಂದು ಲೈನ್ ಕೇಳಿ ಪಡೀರಿ. ಒಬಿಎಸ್‌ನಲ್ಲಿ ಅದನ್ನ ಒಂದು ಟ್ರ್ಯಾಕ್‌ಗೆ, ಕ್ಯಾಮೆರಾ ಮೈಕನ್ನ ಇನ್ನೊಂದು ಟ್ರ್ಯಾಕ್‌ಗೆ ಹಾಕಿ, ಚಪ್ಪಾಳೆ, ನಗು ಎರಡನೇದರಲ್ಲಿ ಸಿಗುತ್ತೆ. ಮನೆಯ ಚಿಕ್ಕ ಯುಪಿಎಸ್ ಜೊತೆಗೆ ಒಯ್ಯಿರಿ. ಪ್ಲಗ್ ಮೇಲೆ ‘ಮುಟ್ಟಬೇಡಿ’ ಅಂತ ದೊಡ್ಡದಾಗಿ ಬರೆದು ಅಂಟಿಸಿ, ಕನ್ನಡದಲ್ಲೂ, ಹಾಲ್‌ನವರಿಗೆ ಮರಾಠಿಯಲ್ಲೂ. ಯಾಕಂದ್ರೆ ಇಂಟರ್ವಲ್‌ನಲ್ಲಿ ಟೀ ಕೆಟಲ್ ಹಿಡ್ಕೊಂಡು ಪ್ಲಗ್ ಪಾಯಿಂಟ್ ಹುಡುಕ್ತಾ ಯಾರಾದ್ರೂ ಬಂದೇ ಬರ್ತಾರೆ.