ಅನಂತಪುರದ ಕೆರೆ

ಕುಂಬಳೆಯಿಂದ ಬದಿಯಡ್ಕ ದಾರಿಯಾಗಿ ಬಂದು ನಾಯ್ಕಾಪಿನಿಂದ ಒಳಕ್ಕೆ ತಿರುಗಿದರೆ ಅನಂತಪುರ. ಸುತ್ತಲೂ ಮುರಕಲ್ಲಿನ ಬೋಳು ಗುಡ್ಡೆ. ಬೇಸಗೆಯಲ್ಲಿ ಕಾಲಿಟ್ಟರೆ ಸುಡುತ್ತದೆ. ಅಂಥಲ್ಲಿ ಬದಿಯೊಂದಕ್ಕೆ ಸುಮಾರು 300 ಅಡಿಯ ಚೌಕ ಕೆರೆ. ಎಂದರೆ ಎರಡು ಎಕರೆ ನೀರು. ಲೆಕ್ಕ ಹಾಕುವುದು ನನ್ನ ಹಳೆಯ ಚಾಳಿ, ಕ್ಷಮಿಸಿ. ಆ ನೀರಿನ ನಡುವೆ ಅನಂತಪದ್ಮನಾಭನ ಗುಡಿ.

ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನವೆಂದು ಪ್ರತೀತಿ. ವಿಲ್ವಮಂಗಲ ಸ್ವಾಮಿಗಳು ಪೂಜೆಗೆ ಕುಳಿತಾಗ ಕೀಟಲೆ ಮಾಡಿದ ಹುಡುಗನನ್ನು ದೂಡಿದರಂತೆ. ‘ನನ್ನನ್ನು ಕಾಣಬೇಕಾದರೆ ಅನಂತನ ಕಾಡಿಗೆ ಬಾ’ ಎಂದು ಹುಡುಗ ಗುಹೆಯೊಳಗೆ ಮಾಯವಾದನಂತೆ. ಆ ಗುಹೆ ಕೆರೆಯ ಮೂಲೆಯಲ್ಲಿದೆ.

ಬರುವವರು ಮೊದಲು ಕೇಳುವುದು ಮಾತ್ರ ಮೊಸಳೆಯನ್ನು. ನೈವೇದ್ಯದ ಅನ್ನ ತಿನ್ನುತ್ತಿದ್ದ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಜಾತಿಮತ ನೋಡದೆ ಜನ ಸೇರಿದರು. ಇನ್ನು ಇಲ್ಲಿಗೆ ಯಾರು ಬರುತ್ತಾರೆ ಎಂದವರೂ ಇದ್ದರು. ಜನ ಬರುವುದು ನಿಲ್ಲಲಿಲ್ಲ. 2023ರ ನವೆಂಬರಿನಲ್ಲಿ ಮತ್ತೊಂದು ಮೊಸಳೆಯೂ ಕಾಣಿಸಿಕೊಂಡಿತು.

ನನ್ನ ಮಟ್ಟಿಗೆ ಮೊಸಳೆಗಿಂತ ದೊಡ್ಡ ಸೋಜಿಗ ಇಲ್ಲಿನ ಹಳೆಯ ವಿಗ್ರಹಗಳು. ಅವು ಕಲ್ಲಿನವಲ್ಲ, ಲೋಹದವೂ ಅಲ್ಲ. ಹಲವು ಬಗೆಯ ದ್ರವ್ಯಗಳನ್ನು ಅರೆದು ಕೂಡಿಸಿದ ಕಡುಶರ್ಕರ ಪಾಕದವು. ತಿರುವನಂತಪುರದ ಮೂರ್ತಿಯೂ ಅದೇ ಪಾಕದ್ದು. ಅಂಥ ಮೂರ್ತಿಗೆ ನೀರಿನ ಅಭಿಷೇಕ ಸಲ್ಲದು. 1972ರಲ್ಲಿ ಕಂಚಿಯ ಜಯೇಂದ್ರ ಸರಸ್ವತಿಗಳು ಇಲ್ಲಿಗೆ ಪಂಚಲೋಹದ ವಿಗ್ರಹಗಳನ್ನು ಕೊಟ್ಟರು. ಹಳೆಯ ಪಾಕ ಬಲ್ಲ ಕೈಗಳು ಈಗ ಬಹಳ ಕಡಿಮೆ. ಮುಂದಿನ ಸಲ ಹೋದಾಗ ಮೊಸಳೆಯನ್ನು ಕೇಳಿ, ಬೇಡವೆನ್ನುವುದಿಲ್ಲ. ಜತೆಗೆ ಆ ಪಾಕದ ವಿಷಯವನ್ನೂ ಅಲ್ಲಿಯ ಹಿರಿಯರಲ್ಲಿ ಕೇಳಿ.