ಟೊಮೆಟೊ ಗಿಡದ ಬೇನೆಗಳು



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಎಲೆ ಮುದುಡಿದ ಗಿಡ ಯಾರಿಗೂ ಹೊಸ ನೋಟವಲ್ಲ. ಮೆಣಸಿನಕಾಯಿ ಬೆಳೆಯುವ ಮನೆತನಗಳು ಮುಟುರು ರೋಗವನ್ನು ತಲೆಮಾರುಗಳಿಂದ ಬಲ್ಲವು. ಅದೇ ಹೊಲಗಳಿಗೆ ಟೊಮೆಟೊ ಬಂದಾಗ ಅದರ ಮುದುಡಿದ ಎಲೆಗೂ ನಾವು ಅದೇ ಹೆಸರನ್ನಿಟ್ಟೆವು. ಹೆಸರು ಒಂದಾದ ಮಾತ್ರಕ್ಕೆ ಮದ್ದೂ ಒಂದೇ ಎಂದು ತಿಳಿದುದರಿಂದ ಆಗಿರುವ ನಷ್ಟ ಸಣ್ಣದಲ್ಲ.

ಮೆಣಸಿನ ಎಲೆ ದೋಣಿಯಂತೆ ಮೇಲ್ಮುಖವಾಗಿ ಮಡಚಿಕೊಂಡರೆ ಅದು ಸಾಮಾನ್ಯವಾಗಿ ಥ್ರಿಪ್ಸ್ ನುಸಿಯ ಕೆಲಸ. ಕೆಳಮುಖವಾಗಿ ಮಡಚಿ ತೊಟ್ಟು ನೀಳವಾದರೆ ಮೈಟ್ ನುಸಿಯದು. ಎರಡೂ ರಸ ಹೀರುವ ಜೀವಿಗಳು. ಸಕಾಲದಲ್ಲಿ ತಕ್ಕ ಔಷಧ ಸಿಂಪಡಿಸಿದರೆ ಹೊಸ ಚಿಗುರು ನೆಟ್ಟಗೆ ಬರುತ್ತದೆ. ಟೊಮೆಟೊದ ಮುಟುರು ಹಾಗಲ್ಲ. ಅದು ನಂಜಾಣುವಿನಿಂದ, ಅಂದರೆ ವೈರಸ್‌ನಿಂದ ಬರುವಂಥದು. ಎಲೆ ಕಿರಿದಾಗಿ, ಅಂಚು ಹಳದಿಯಾಗಿ, ಗಿಣ್ಣುಗಳು ಒತ್ತೊತ್ತಾಗಿ, ಗಿಡ ಪೊದೆಯಂತೆ ಗಿಡ್ಡವಾಗಿ ನಿಲ್ಲುತ್ತದೆ. ಈ ನಂಜನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿನೊಣ. ಗಿಡವನ್ನು ಅಲುಗಿಸಿದರೆ ಬೂದಿ ಹಾರಿದಂತೆ ಏಳುವ ನೊಣವೇ ಅದು. ಎಣ್ಣೆ ಹೊಡೆದರೆ ನೊಣ ಸತ್ತೀತು. ಗಿಡದೊಳಗೆ ಸೇರಿದ ನಂಜು ಸಾಯುವುದಿಲ್ಲ. ಮುದುಡಿದ ಗಿಡಕ್ಕೆ ವಾರಕ್ಕೊಂದು ಬಾಟಲಿ ಸುರಿದು ಸಾಲಗಾರರಾದವರನ್ನು ನಾನು ಕಂಡಿದ್ದೇನೆ. ಅಂಥ ಗಿಡವನ್ನು ಕಂಡ ದಿನವೇ ಕಿತ್ತು ಹೂಳುವುದು ಲೇಸು.

ಆದುದರಿಂದ ನಿಜವಾದ ಕಾವಲು ಬೇಕಾದುದು ಸಸಿಮಡಿಗೆ. ನಾಟಿಯಾದ ಮೊದಲ ನಾಲ್ಕೈದು ವಾರಗಳೊಳಗೆ ನಂಜು ತಗಲಿದ ಗಿಡ ಕಾಯಿ ಕೊಡುವುದು ಅಪರೂಪ. ತಡವಾಗಿ ತಗಲಿದರೆ ನಷ್ಟ ಕಡಿಮೆ. ಬೀಜ ಬಿತ್ತಿದಂದಿನಿಂದ ಅಗಿ ಕೀಳುವವರೆಗೆ, ಅಂದರೆ 25ರಿಂದ 30 ದಿನ, ಮಡಿಯ ಮೇಲೆ ಸಣ್ಣ ಕಣ್ಣಿನ ನೈಲಾನ್ ಪರದೆ ಇರಲಿ. ಹೊಲದ ಸುತ್ತ ಎರಡು ಮೂರು ಸಾಲು ಗೋವಿನಜೋಳವನ್ನು ನಾಟಿಗೆ ಮೊದಲೇ ಬಿತ್ತಿದರೆ ಅದು ನೊಣಕ್ಕೆ ತಡೆಗೋಡೆ. ನಮ್ಮಲ್ಲಿ ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿಗಳನ್ನು ಒಟ್ಟಿಗೆ ಬೆಳೆಯುವ ರೂಢಿ ಹಳೆಯದು. ಆದರೆ ಹತ್ತಿ ಬಿಳಿನೊಣದ ತವರುಮನೆ. ಅದರ ಮಗ್ಗುಲಲ್ಲಿ ಟೊಮೆಟೊ ಹಚ್ಚುವುದು ನನಗೆ ಸರಿತೋರದು. 1999ರಲ್ಲಿ ಹೊರಗಿನಿಂದ ಬಂದ ಬಿಳಿನೊಣದ ಒಂದು ಬಗೆ ಕೋಲಾರದಲ್ಲಿ ಕಾಣಿಸಿಕೊಂಡಾಗ ಅಲ್ಲಿಯ ಟೊಮೆಟೊ ತೋಟಗಳು ಕಂಗೆಟ್ಟವು. ಮುಟುರನ್ನು ತಡೆಯಬಲ್ಲ ನಂದಿ, ಸಂಕ್ರಾಂತಿ, ವೈಭವ ತಳಿಗಳು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬಂದವು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮುಟುರನ್ನಲ್ಲದೆ ಸೊರಗು ರೋಗ ಹಾಗೂ ಎಲೆಚುಕ್ಕೆಯನ್ನೂ ತಾಳಿಕೊಳ್ಳುತ್ತದೆ.

ಸೊರಗು ರೋಗದ ಮಾತು ಬೇರೆ. ನಿನ್ನೆ ಹಸುರಾಗಿದ್ದ ಗಿಡ ಇಂದು ಎಲೆ ಹಳದಿಯಾಗದೆಯೇ ಜೋಲು ಬಿದ್ದರೆ ಸಂಶಯಪಡಬೇಕು. ನೀರು ಕಡಿಮೆಯಾಯಿತೆಂದು ಮತ್ತಷ್ಟು ನೀರು ಹಾಯಿಸುವವರುಂಟು. ಹರಿಯುವ ನೀರೇ ರೋಗವನ್ನು ಮುಂದಿನ ಸಾಲಿಗೆ ಒಯ್ಯುತ್ತದೆ. ಬುಡದ ಬಳಿ ಕಾಂಡದ ತುಂಡೊಂದನ್ನು ಕೊಯ್ದು, ಗಾಜಿನ ಲೋಟದ ತಿಳಿನೀರಿನಲ್ಲಿ ಕೊಯ್ದ ತುದಿ ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣುವಿನ ಸೊರಗು. ಇದಕ್ಕೂ ನೆಚ್ಚಬಹುದಾದ ಔಷಧವಿಲ್ಲ. ಆ ಹೊಲದಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳನ್ನೂ ಬಿಟ್ಟು ಕೆಲವು ವರ್ಷ ಜೋಳ, ಗೋವಿನಜೋಳ ಬೆಳೆಯಬೇಕು.

ಔಷಧಕ್ಕೆ ಮಣಿಯುವುದು ಶಿಲೀಂಧ್ರದ ಚುಕ್ಕೆ. ಕೆಳಗಿನ ಮುದಿ ಎಲೆಗಳಲ್ಲಿ ಬಳೆಯೊಳಗೆ ಬಳೆ ಇಟ್ಟಂಥ ಕಂದು ಚುಕ್ಕೆ ಕಂಡರೆ ಆ ಎಲೆಗಳನ್ನು ತೆಗೆದು, ಲೀಟರು ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಸಿಂಪಡಿಸಬಹುದು. ಇನ್ನು, ಕಾಯಿಯ ತುದಿ ಕಪ್ಪಾಗಿ ಒಳಸರಿಯುವುದು ರೋಗವೇ ಅಲ್ಲ: ಒಮ್ಮೆ ಒಣಗಿಸಿ ಒಮ್ಮೆ ತೋಯಿಸಿದ್ದರಿಂದ ಕಾಯಿಗೆ ಸುಣ್ಣದ ಅಂಶ ಸಿಗದೆ ಹೋದುದರ ಗುರುತು. ನೀರನ್ನು ಹದವಾಗಿ ಕೊಟ್ಟರೆ ಮುಂದಿನ ಕಾಯಿಗಳು ಸರಿಹೋಗುತ್ತವೆ. ಮೊನೊಕ್ರೊಟೊಫಾಸ್ ಅನ್ನು ತರಕಾರಿಗೆ ಬಳಸುವುದನ್ನು 2005ರಲ್ಲೇ ನಿಷೇಧಿಸಲಾಗಿದೆ. ಯಾರೇ ಸೂಚಿಸಲಿ, ಅದನ್ನು ಟೊಮೆಟೊಗೆ ಮುಟ್ಟಿಸಬೇಡಿ.

ರಾಣೆಬೆನ್ನೂರಿನ ಸುತ್ತಿನ ಹಳ್ಳಿಗಳಲ್ಲಿ ಹೈಬ್ರಿಡ್ ಬೀಜಕ್ಕಾಗಿ ಟೊಮೆಟೊ ಬೆಳೆಯುವವರಿಗೆ ಒಂದು ಮಾತು. ಅಲ್ಲಿ ಹೆಣ್ಣುಮಕ್ಕಳು ಒಂದೊಂದೇ ಮೊಗ್ಗನ್ನು ಬಿಡಿಸಿ, ಕೇಸರ ತೆಗೆದು, ಮರುದಿನ ಪರಾಗ ಮುಟ್ಟಿಸುತ್ತಾರೆ. ಎಲೆಯಲ್ಲಿ ತಿಳಿಹಸುರು, ಕಡುಹಸುರಿನ ತೇಪೆ ಮೂಡಿಸುವ ಮೊಸಾಯಿಕ್ ನಂಜಿಗೆ ನೊಣ ಬೇಕಿಲ್ಲ. ಬೆರಳಿಗೆ ಅಂಟಿದ ರಸವೇ ಸಾಕು. ತಂಬಾಕಿನಲ್ಲಿಯೂ ಅದರ ಬಳಗದ ನಂಜು ಇರಬಹುದಾದುದರಿಂದ ಬೀಡಿ ಸೇದಿದ, ತಂಬಾಕು ತಿಕ್ಕಿದ ಕೈಯಿಂದ ಹೂವನ್ನು ಮುಟ್ಟಬಾರದು. ತೇಪೆ ಕಂಡ ಗಿಡವನ್ನು ಆ ದಿನದ ಕೆಲಸವೆಲ್ಲ ಮುಗಿದ ಮೇಲೆ ಕೀಳಬೇಕು. ಸಾಲಿನ ಕೊನೆಯಲ್ಲಿ ಒಂದು ಬಕೆಟ್ ನೀರು, ಒಂದು ಸಾಬೂನು ಇರಿಸುವುದು ಪರದೆಮನೆಯ ಒಡೆಯನ ಹೊಣೆ. ಕೂಲಿಗೆ ಬಂದ ಹೆಣ್ಣುಮಗಳು ಮನೆಯಿಂದ ತರಬೇಕಾದುದಲ್ಲ.